ಹಾಲೆಂಡಿನ ಹೊಲದಲ್ಲಿ ಚಕ್ಕೋತ ಸೊಪ್ಪು

ಕೆ.ಆರ್. ಪುರ

ವಿಮಾನದ ಹೊಟ್ಟೆ ಹೇಗಿರುತ್ತದೆ ಎಂಬ ವಿಷಯದಲ್ಲಿ ನಮ್ಮ ಊರಿನವರಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣ ಇನ್ನೂ ನಮ್ಮ ಕಡೆಯೇ ಇದ್ದ ಕಾಲ ಅದು. ಸೊಪ್ಪಿನ ಮಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರೆ, ತಲೆಯ ಮೇಲೆ ಅವು ಚಕ್ರ ಬಿಟ್ಟುಕೊಂಡು ಇಳಿದು ಹೋಗುತ್ತಿದ್ದವು. ಕೆಳಗಿನಿಂದ ಅಷ್ಟು ವರ್ಷ ನೋಡಿದ ಮೇಲೆ ಒಳಗಿನಿಂದಲೂ ನೋಡಬೇಕು ಎಂದು ನನಗೆ ಅನಿಸಿರಲಿಲ್ಲ. ಆದರೂ ಹೋಗಬೇಕಾಯಿತು. ಅದಕ್ಕೆ ಕಾರಣ ಎಲೆಕೋಸು.

ಶಿವಾಜಿನಗರದ ಮಾರ್ಕೆಟ್ಟಿನ ಪಕ್ಕ ನಜೀರ್ ಭಾಯಿಯ ಅಂಗಡಿ ಇದೆ. ಮುಂದುಗಡೆ ಸೊಪ್ಪು ತರಕಾರಿ, ಹಿಂದುಗಡೆ ಬೀಜ. ಮುಂಬಾಗಿಲಲ್ಲಿ ನಮ್ಮ ಬೆಳೆ ಕೊಂಡು, ಹಿಂಬಾಗಿಲಲ್ಲಿ ನಮಗೇ ಬೀಜ ಮಾರುವ ಈ ಏರ್ಪಾಟಿನಲ್ಲಿ ನಾನೂ ಅವರೂ ಇಪ್ಪತ್ತು ವರ್ಷ ಜಗಳವಾಡಿಕೊಂಡು ಅನ್ಯೋನ್ಯವಾಗಿದ್ದೆವು. ಆ ವರ್ಷ ಒಂದು ಬೀಜದ ಕಂಪನಿಯ ಎಲೆಕೋಸು ಬೀಜವನ್ನು ಬೆಂಗಳೂರಿನ ಪೂರ್ವದ ಕಡೆ ಎಲ್ಲರಿಗಿಂತ ಹೆಚ್ಚು ಮಾರಿದ್ದಕ್ಕೆ, ಕಂಪನಿಯವರು ಅವರಿಗೆ ಹಾಲೆಂಡ್ ಪ್ರವಾಸದ ಎರಡು ಸೀಟು ಕೊಟ್ಟರು. ಎಂಟು ದಿನ ಕೋಸು ನೋಡುವುದಕ್ಕೆ ನಾನ್ಯಾಕೆ ಬರಲಿ ಎಂದು ಅವರ ಮನೆಯವರು ಕೇಳಿದರಂತೆ. ಎರಡನೆಯ ಸೀಟು ಹೀಗೆ ನನ್ನ ಪಾಲಿಗೆ ಬಂತು.

ಇಲ್ಲಿ ನನ್ನ ಜಮೀನಿನ ವಿಚಾರ ಹೇಳಬೇಕು. ರೈಲ್ವೆ ಹಳಿಗೂ ಹೊಸ ಲೇಔಟಿಗೂ ನಡುವೆ ನಮ್ಮದು ಮೂವತ್ತು ಗುಂಟೆ ಉಳಿದಿತ್ತು. ನಮ್ಮ ತಾತ ಎಕರೆಯಲ್ಲಿ ಮಾತಾಡುತ್ತಿದ್ದ, ಅಪ್ಪ ಗುಂಟೆಯಲ್ಲಿ. ನನ್ನ ತಮ್ಮ ಮುನಿರಾಜು ಚದರಡಿಯಲ್ಲಿ ಮಾತಾಡುತ್ತಾನೆ. ಆ ಮೂವತ್ತು ಗುಂಟೆಯನ್ನೂ ಬಿಲ್ಡರಿಗೆ ಕೊಟ್ಟುಬಿಡೋಣ ಎಂದು ಅವನು ಎರಡು ವರ್ಷದಿಂದ ಹಟ ಹಿಡಿದಿದ್ದ. ನನ್ನ ಸಹಿ ಇಲ್ಲದೆ ಆಗುವಂತಿರಲಿಲ್ಲ.

ಹೊರಡುವ ದಿನ ಮನೆಗೆ ಬಂದ. "ಅಣ್ಣ, ಕೂಲಿಗೆ ಜನ ಸಿಗಲ್ಲ. ಸುತ್ತ ಎಲ್ಲ ಮನೆ ಎದ್ದೋಯ್ತು. ಮಧ್ಯೆ ನೀನೊಬ್ಬ ದಂಟು ಬೆಳ್ಕೊಂಡು ಕೂತಿದ್ದೀಯ, ಬಸ್ ಸ್ಟಾಂಡಲ್ಲಿ ಹಾಸಿಗೆ ಹಾಸ್ಕೊಂಡು ಮಲಗಿರೋನ್ ತರ. ಹೆಂಗೂ ಫಾರಿನ್‌ಗೆ ಹೋಗ್ತಾ ಇದ್ದೀಯ. ನೋಡ್ಕೊಂಡು ಬಾ. ಸಣ್ಣ ಜಮೀನು ಇಟ್ಕೊಂಡು ಬದುಕಿರೋನು ಅಲ್ಲಿ ಒಬ್ಬ ಸಿಕ್ಕಿದ್ರೂ ನಾನು ಬಾಯಿ ಮುಚ್ಕೊಂಡಿರ್ತೀನಿ. ಇಲ್ಲ ಅಂದ್ರೆ ಬಂದು ಸೈನ್ ಹಾಕು."

ಆಗಲಿ ಎಂದೆ. ಹೀಗಾಗಿ ನಾನು ವಿಮಾನ ಹತ್ತಿದ್ದು ಪ್ರವಾಸಿಯಾಗಿ ಅಲ್ಲ, ಒಂದು ಮೊಕದ್ದಮೆಯಲ್ಲಿ ವಾದಿ, ಸಾಕ್ಷಿ, ನ್ಯಾಯಾಧೀಶ ಮೂರೂ ನಾನೇ ಆಗಿ. ವಿಮಾನ ಮೇಲೇರಿದಾಗ ಕಿಟಕಿಯಿಂದ ನಮ್ಮ ತೋಟ ಕಾಣುತ್ತದೇನೋ ಎಂದು ಕತ್ತು ಚಾಚಿದೆ. ಒಂದು ಚೂರು ಹಸಿರು ಕಂಡಿತು. ಅದು ಯಾರದೋ ಮನೆ ತಾರಸಿಯ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಮುಚ್ಚಿದ ಹಸಿರು ಟಾರ್ಪಾಲು ಎಂದು ನಜೀರ್ ಭಾಯಿ ಹೇಳಿದರು. ಅವರ ಕಣ್ಣು ನನಗಿಂತ ಚುರುಕು.

ಗಾಜಿನ ತೋಟ

ಹಾಲೆಂಡಿನಲ್ಲಿ ಮೊದಲ ಮೂರು ದಿನ ನಾವು ಮಣ್ಣನ್ನು ಕಂಡದ್ದು ಹೂಕುಂಡದಲ್ಲಿ ಮಾತ್ರ.

ಕಂಪನಿಯವರು ನಮ್ಮನ್ನು ಬಸ್ಸಿನಲ್ಲಿ ತುಂಬಿಕೊಂಡು ಒಂದು ಗಾಜಿನ ತೋಟದಿಂದ ಇನ್ನೊಂದಕ್ಕೆ ಕರೆದೊಯ್ದರು. ನಮ್ಮ ಹಲಸೂರು ಕೆರೆಯನ್ನು ಅದರೊಳಗಿಟ್ಟು ಬಾಗಿಲು ಹಾಕಿಕೊಳ್ಳಬಹುದು, ಅಷ್ಟು ದೊಡ್ಡವು. ಒಳಗೆ ಹೋಗುವ ಮುಂಚೆ ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಬೇಕು. ಹೊಲಕ್ಕೆ ಇಳಿಯುವಾಗ ಚಪ್ಪಲಿ ಬಿಡುವುದು ನಮ್ಮಲ್ಲೂ ಉಂಟು. ಅದು ಭೂಮಿಗೆ ಮರ್ಯಾದೆ. ಇಲ್ಲಿ ನಮ್ಮ ಕಾಲಿನ ಮಣ್ಣಿನಿಂದ ತೋಟಕ್ಕೆ ರೋಗ ಬಂದೀತೆಂಬ ಭಯ. ರೈತನ ಪಾದಕ್ಕೆ ಈ ಗತಿ ಬಂದದ್ದನ್ನು ನಾನು ಮೌನವಾಗಿ ಸಹಿಸಿದೆ.

ಒಳಗೆ ಟೊಮ್ಯಾಟೊ ಗಿಡ ಎರಡಾಳುದ್ದ. ಬೇರು ಇಳಿದಿರುವುದು ಬೂದು ಬಣ್ಣದ ಒಂದು ಹಾಸಿಗೆ. ಕಲ್ಲು ಕರಗಿಸಿ, ಅದರಿಂದ ನೂಲು ತೆಗೆದು ಮಾಡಿದ್ದಂತೆ. ಹೂವು ಕಾಯಿ ಕಚ್ಚಲು ದುಂಬಿ ಬೇಕಲ್ಲ, ಅದು ಡಬ್ಬಿಯಲ್ಲಿ ಕೊರಿಯರಿನಲ್ಲಿ ಬರುತ್ತದೆ. ನೀರು ಎಷ್ಟು, ಗೊಬ್ಬರ ಎಷ್ಟು, ಎಲ್ಲ ಕಂಪ್ಯೂಟರ್ ಹೇಳುತ್ತದೆ.

"ಯಜಮಾನ್ರೇ, ಇಲ್ಲಿ ರೈತ ಏನ್ ಮಾಡ್ತಾನೆ?" ಎಂದು ನಜೀರ್ ಭಾಯಿ ಮೆಲ್ಲಗೆ ಕೇಳಿದರು.

"ಬ್ಯಾಂಕಿನವರ ಜೊತೆ ಮಾತಾಡ್ತಾನೆ" ಎಂದೆ. ತಮಾಷೆಗೆ ಹೇಳಿದ್ದು. ಆಮೇಲೆ ಕಾಫಿ ಕೊಡುವಾಗ ಆ ತೋಟದ ಮಾಲೀಕರೇ ಅದನ್ನು ನಿಜ ಮಾಡಿದರು. ಬೆಳೆ ವಿಚಾರ ಕೇಳಿದರೆ ಎರಡು ಮಾತು, ಬ್ಯಾಂಕಿನ ವಿಚಾರಕ್ಕೆ ಅರ್ಧ ಗಂಟೆ. ಅವರ ತಂದೆಯ ಕಾಲದಲ್ಲಿ ಆ ರಸ್ತೆಯ ಉದ್ದಕ್ಕೂ ಸಣ್ಣ ಸಣ್ಣ ತೋಟದವರಿದ್ದರಂತೆ. ಈಗ ಇವರೊಬ್ಬರು, ಆ ತುದಿಗೆ ಇನ್ನೊಬ್ಬರು. ಮಿಕ್ಕವರ ಜಾಗವೆಲ್ಲ ಈ ಇಬ್ಬರ ಗಾಜಿನೊಳಗಿದೆ. "ಅವನು ಇನ್ನೂ ದೊಡ್ಡದು ಕಟ್ಟಿದರೆ ನಾನೂ ಕಟ್ಟಬೇಕು. ನಿಂತರೆ ಮುಗಿಯಿತು" ಎಂದರು. ಅವರ ಮುಖ ನೋಡಿದರೆ ಗೆದ್ದವರ ಹಾಗೆ ಇರಲಿಲ್ಲ, ಓಡುತ್ತಿರುವವರ ಹಾಗಿತ್ತು.

ಮುನಿರಾಜುವಿನ ಮೊಕದ್ದಮೆ ಬಹಳ ಬಲವಾಗುತ್ತಿತ್ತು. ರಾತ್ರಿ ಹೋಟೆಲಿನಲ್ಲಿ ನಾನು ಸಹಿ ಹಾಕಲು ಮನಸ್ಸನ್ನು ಸಿದ್ಧ ಮಾಡಿಕೊಳ್ಳತೊಡಗಿದೆ. ನಜೀರ್ ಭಾಯಿ ಮಾತ್ರ ಬೇರೆ ಚಿಂತೆಯಲ್ಲಿದ್ದರು. ಜೂನ್ ತಿಂಗಳಲ್ಲಿ ಆ ದೇಶದಲ್ಲಿ ರಾತ್ರಿ ಹತ್ತಾದರೂ ಸೂರ್ಯ ಮುಳುಗುವುದಿಲ್ಲ. ಸೂರ್ಯ ಮುಳುಗಿದ ಮೇಲೆ ಮಾಡುವ ಮಗ್ರಿಬ್ ನಮಾಜಿಗಾಗಿ ಕಿಟಕಿಯಲ್ಲಿ ಕೂತು, "ಹೋಗಪ್ಪಾ, ಹೋಗು" ಎಂದು ಸೂರ್ಯನನ್ನು ಗದರಿಸುತ್ತಿದ್ದರು.

ಕಾಲುವೆ ದಂಡೆ

ನಾಲ್ಕನೆಯ ದಿನ ಗಾಳಿಗಿರಣಿ ನೋಡಲು ಹೊರಟೆವು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನ ಬಳಿ ಬಸ್ಸು ನಿಂತಿತು. ನಜೀರ್ ಭಾಯಿ ಮಧ್ಯಾಹ್ನದ ನಮಾಜಿಗೆ ಹಿಂದಿನ ಹುಲ್ಲಿಗೆ ಹೋದರು. ಕಾಲುವೆ ಪಕ್ಕ ಹಸುಗಳಿದ್ದವು. ನಮಾಜಿಗೆ ಬಗ್ಗಿದಾಗ ಅವು ಬಂದು ಟೋಪಿ ನೆಕ್ಕಿಬಿಟ್ಟಾವು ಎಂದು ನಾನು ಕಾವಲಿಗೆ ನಿಂತೆ. ನಾವು ತಿರುಗಿ ಬರುವಷ್ಟರಲ್ಲಿ ಬಸ್ಸು ಇರಲಿಲ್ಲ. ಯಾರೋ ತಲೆ ಎಣಿಸುವಾಗ ಡ್ರೈವರನ್ನೂ ಗೈಡನ್ನೂ ಸೇರಿಸಿ ಎಣಿಸಿದ್ದರಂತೆ.

"ಏನೂ ಆಗಲ್ಲ. ಕೋಲಾರದ ಬಸ್ಸು ನಮ್ಮನ್ನ ಎಷ್ಟು ಸಲ ಬಿಟ್ಟೋಗಿದೆ" ಎಂದರು ನಜೀರ್ ಭಾಯಿ. ಬಂಕಿನಲ್ಲಿ ಮನುಷ್ಯರೇ ಇರಲಿಲ್ಲ, ಬರೀ ಯಂತ್ರ. ಕಾಲುವೆ ದಂಡೆ ಹಿಡಿದು ನಡೆದೆವು.

ಸ್ವಲ್ಪ ದೂರದಲ್ಲಿ ರಸ್ತೆ ಬದಿಗೆ ಒಂದು ಮೇಜು. ಮೇಲೆ ಆಲೂಗಡ್ಡೆ, ಬೀಟ್‌ರೂಟು, ಈರುಳ್ಳಿ ಜಾತಿಯ ಒಂದು ದಪ್ಪ ಕಾಂಡ. ಪಕ್ಕದಲ್ಲಿ ತೂತು ಕೊರೆದ ತಗಡಿನ ಡಬ್ಬಿ. ಮಾರುವವರು ಯಾರೂ ಇಲ್ಲ. ಬೇಕಾದ್ದು ತೆಗೆದುಕೊಂಡು ದುಡ್ಡನ್ನು ಡಬ್ಬಿಗೆ ಹಾಕಿ ಹೋಗಬೇಕು ಎಂದು ಅರ್ಥವಾಗಲು ನಮಗೆ ಸ್ವಲ್ಪ ಹೊತ್ತು ಹಿಡಿಯಿತು. ನಜೀರ್ ಭಾಯಿ ಡಬ್ಬಿಯನ್ನು ದರ್ಗಾದ ಮುಂದೆ ನಿಂತವರಂತೆ ನೋಡಿದರು.

"ಶಿವಾಜಿನಗರದಲ್ಲಿ ಹಿಂಗಿಟ್ರೆ ಡಬ್ಬಿ ಹೋಗುತ್ತೆ. ಆಮೇಲೆ ಮೇಜು ಹೋಗುತ್ತೆ. ಆಮೇಲೆ ಮೇಜು ಇದ್ದ ಜಾಗ ನಂದು ಅಂತ ಇಬ್ಬರು ಕೋರ್ಟಿಗೆ ಹೋಗ್ತಾರೆ."

ಮೇಜಿನ ಹಿಂದೆ ಹೊಲ. ಹೊಲದ ಕಡೆ ಕಣ್ಣು ಹೋದದ್ದೇ ನಾನು ಬಸ್ಸು, ಹೋಟೆಲು, ಪಾಸ್‌ಪೋರ್ಟು ಎಲ್ಲ ಮರೆತೆ. ಮೊಳಕಾಲುದ್ದ ಚಕ್ಕೋತ ಸೊಪ್ಪು. ಎಲೆಯ ಅಡಿಯಲ್ಲಿ ಹಿಟ್ಟು ಚಿಮುಕಿಸಿದ ಹಾಗೆ ಬಿಳಿ ಪುಡಿ, ಕುಡಿ ನೋಡಿದರೆ ಬೆಣ್ಣೆ. ನಮ್ಮಲ್ಲಿ ಮಾಗಿ ಚಳಿಯಲ್ಲಿ, ದಿನಾ ನೀರು ಕೊಟ್ಟು ಮುದ್ದು ಮಾಡಿದರೂ ಅಷ್ಟು ಸೊಂಪಾಗಿ ಬರುವುದಿಲ್ಲ. ಸಾಲಿನ ನಡುವೆ ಅಲ್ಲೊಂದು ಇಲ್ಲೊಂದು ಬೀಟ್‌ರೂಟು ಗಿಡ ಸಿಕ್ಕಿಕೊಂಡಿದ್ದವು. ಚಕ್ಕೋತದ ಮಡಿಯಲ್ಲಿ ಬೀಟ್‌ರೂಟಿಗೂ ಜಾಗ ಕೊಟ್ಟಿದ್ದಾರಲ್ಲ, ಇರಲಿ ಎಂದುಕೊಂಡೆ.

ಹೊಲದಿಂದ ಒಬ್ಬ ಹೆಂಗಸು ಬಂದರು. ಅರವತ್ತರ ಆಸುಪಾಸು, ಮೊಳಕಾಲಿನವರೆಗೆ ರಬ್ಬರ್ ಬೂಟು, ಕೈ ನನ್ನ ಕೈಯ ಹಾಗೇ. ವಿಲ್ಮಾ ಎಂದು ಹೆಸರು ಹೇಳಿದರು. ನಾನು ಕಂಟೋನ್ಮೆಂಟಿನಲ್ಲಿ ಸೊಪ್ಪು ಮಾರಿ ಕಲಿತ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿ, ಎದೆಯ ಮೇಲೆ ಕೈಯಿಟ್ಟು ಹೇಳಿದೆ: "ಮೇಡಂ, ನಾನು ಹುಟ್ಟಿದಾಗಿನಿಂದ ಸೊಪ್ಪು ಬೆಳೆಯುತ್ತಿದ್ದೇನೆ. ಇಂಥ ಬೆಳೆ ಎಲ್ಲೂ ನೋಡಿಲ್ಲ. ನಿಮ್ಮ ಕೈಗೆ ನಮಸ್ಕಾರ."

ಅವರ ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ಆ ದೇಶದ ಜನ ನಾಚಿಕೊಂಡಾಗ ಹೀಗಾಗುತ್ತಾರೇನೋ ಎಂದು ನಾನು ಇನ್ನೂ ಎರಡು ಮಾತು ಹೊಗಳಿದೆ.

"ನಿಮ್ಮನ್ನು ಪಕ್ಕದ ತೋಟದವನು ಕಳಿಸಿದನಾ?" ಎಂದು ಕೇಳಿದರು ವಿಲ್ಮಾ.

ವಿಲ್ಮಾ ಅವರ ಅಡುಗೆಮನೆ

ಆಮೇಲೆ ತಿಳಿದದ್ದು ಇದು. ನಾನು ಹೊಗಳಿದ್ದು ಅವರ ಬೆಳೆಯನ್ನಲ್ಲ, ಅವರ ಅವಮಾನವನ್ನು. ಆ ಸೀಮೆಯಲ್ಲಿ ಚಕ್ಕೋತ ಅಂದರೆ ಕಳೆ, ಕಳೆಗಳಲ್ಲೆಲ್ಲ ನಾಚಿಕೆಗೆಟ್ಟ ಕಳೆ. ಅದು ಎದ್ದು ಕಂಡರೆ ಆ ಮನೆಯವರು ಕೈಚೆಲ್ಲಿದ್ದಾರೆ ಎಂದು ಊರಿಗೆ ಡಂಗುರ ಹೊಡೆದ ಹಾಗೆ. ಕಳೆ ಕೀಳಲು ಆಳು ಸಿಗದೆ, ಔಷಧಿ ಹೊಡೆಸುವ ಖರ್ಚು ಬೇಡವೆಂದು ಅವರು ಆ ವರ್ಷ ಸುಮ್ಮನೆ ಬಿಟ್ಟಿದ್ದರು. ಪಕ್ಕದ ಗಾಜಿನ ತೋಟದವನು ಹೊಲವನ್ನು ಕೇಳಿದ್ದಾನೆ, ಬರುವ ಸೋಮವಾರ ಸಹಿ ಹಾಕುತ್ತೇನೆ, ಇನ್ನು ಯಾರಿಗಾಗಿ ಕಳೆ ಕೀಳಲಿ ಎಂದರು.

ನನ್ನ ಹಣೆಬರಹ ನೋಡಿ. ಕಡಲು ದಾಟಿ ಬಂದು ಕೊನೆಗೂ ಒಬ್ಬರು ಸಣ್ಣ ಜಮೀನಿನವರನ್ನು ಹುಡುಕಿದರೆ, ಅವರು ಸಹಿ ಹಾಕಲು ಪೆನ್ನು ಹುಡುಕುತ್ತಿದ್ದಾರೆ. ಮುನಿರಾಜು ಅಲ್ಲಿದ್ದಿದ್ದರೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದ. ನಮ್ಮ ಮನೆಯಲ್ಲೂ ಜಮೀನು ಮಾರುವ ಮಾತು ನಡೆದಿದೆ ಎಂದು ವಿಲ್ಮಾಗೆ ಹೇಳಿದೆ.

ವಿಲ್ಮಾ ನಮ್ಮ ಹೋಟೆಲಿಗೆ ಫೋನು ಮಾಡಿದರು. ಮಾರನೆಯ ದಿನ ಕಂಪನಿಯ ಬಸ್ಸು ಹೇಗ್ ಪಟ್ಟಣಕ್ಕೆ ಬರುತ್ತದೆ, ತಾನೂ ಬೆಳಿಗ್ಗೆ ಅಲ್ಲಿನ ಸಂತೆಗೆ ಹೋಗುವವಳೇ, ಅಲ್ಲಿಯವರೆಗೆ ನೀವಿಬ್ಬರೂ ಇಲ್ಲೇ ಇರಿ ಎಂದರು. ಕಾಫಿ ಕೊಟ್ಟರು. ಡಬ್ಬಿ ತೆರೆದು ತಲಾ ಒಂದು ಬಿಸ್ಕತ್ತು ಕೊಟ್ಟು, ಡಬ್ಬಿಯ ಮುಚ್ಚಳ ಹಾಕಿ, ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಅದು ಅಲ್ಲಿಯ ಪದ್ಧತಿ, ಮನಸ್ಸಿನಲ್ಲಿ ಏನೂ ಇಲ್ಲ. ಆದರೆ ನಜೀರ್ ಭಾಯಿ ಬೀರುವಿನ ಕಡೆಗೇ ಬಹಳ ಹೊತ್ತು ನೋಡುತ್ತಿದ್ದರು.

ನಾನು ಗೇಲಿ ಮಾಡಿಲ್ಲ ಎಂದು ಸಾಬೀತು ಮಾಡಲು ಒಂದೇ ದಾರಿ ಉಳಿದಿತ್ತು. ಔಷಧಿ ಹೊಡೆದಿಲ್ಲ ತಾನೆ ಎಂದು ಮತ್ತೊಮ್ಮೆ ಕೇಳಿ, ಮಡಿಲು ತುಂಬ ಚಕ್ಕೋತದ ಕುಡಿ ಕಿತ್ತು ತಂದೆ. ಬೇಳೆ ಕೇಳಿದರೆ ಅವರ ಹತ್ತಿರ ಒಡೆದ ಹಸಿರು ಬಟಾಣಿ ಇತ್ತು. ಆಯಿತು, ಅದೂ ಬೇಳೆಯ ಬಳಗವೇ. ಈರುಳ್ಳಿ, ಬೆಳ್ಳುಳ್ಳಿ ಅವರ ಹೊಲದ್ದು. ಖಾರದ ಪುಡಿ ನಜೀರ್ ಭಾಯಿಯ ಜೇಬಿನದು. ಬಿಸ್ಕತ್ತಿನ ಡಬ್ಬಿ ಮುಚ್ಚಿಡುವ ದೇಶಕ್ಕೆ ಬರುವಾಗ ಅವರು ಪೊಟ್ಟಣ ಕಟ್ಟಿಕೊಂಡೇ ಬಂದಿದ್ದರು. ಸೊಪ್ಪು ಬೇಯಿಸಿ, ಸೌಟಿನ ಹಿಂಬದಿಯಿಂದ ಮಸೆದು, ಒಗ್ಗರಣೆ ಕೊಟ್ಟು, ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿದು ಮುಂದಿಟ್ಟೆ.

ವಿಲ್ಮಾ ಒಂದು ಚಮಚ ತಿಂದರು. ಇನ್ನೊಂದು ತಿಂದರು. ಕೆಮ್ಮಿದರು, ನೀರು ಕುಡಿದರು, ತಾವೇ ಎದ್ದು ಎರಡನೆಯ ಸಲ ಬಡಿಸಿಕೊಂಡರು. "ನಲವತ್ತು ವರ್ಷ ಇದರ ಜೊತೆ ಯುದ್ಧ ಮಾಡಿದ್ದೇನೆ. ತಿನ್ನಬಹುದು ಅಂತ ಯಾರೂ ಹೇಳಲಿಲ್ಲ."

"ನಮ್ಮ ಕಡೆ ಇದನ್ನ ಕೊಳ್ಳೋಕೆ ಬೆಳಗಾಗೆದ್ದು ಕ್ಯೂ ನಿಲ್ತಾರೆ" ಎಂದೆ. ಆಡಿದ ಮಾತಿನಲ್ಲಿ ಹೆಮ್ಮೆ ಸ್ವಲ್ಪ ಹೆಚ್ಚಾಗಿತ್ತು. ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ನಜೀರ್ ಭಾಯಿಯ ವ್ಯಾಪಾರಿ ಬುದ್ಧಿ ಎಚ್ಚರವಾಯಿತು. "ಮೇಡಂ, ಸಂತೆಗೆ ಯಾವ ಯಾವ ದೇಶದ ಜನ ಬರ್ತಾರೆ?"

ಎಲ್ಲಾ ದೇಶದವರೂ ಬರುತ್ತಾರೆ ಎಂದರು ವಿಲ್ಮಾ.

"ಯಜಮಾನ್ರೇ, ಬೇಗ ಮಲಗಿ. ಬೆಳಿಗ್ಗೆ ಕೊಯ್ಲು ಇದೆ."

ಹೇಗ್ ಸಂತೆ

ಬೆಳಕು ಹರಿಯುವಾಗ ಹೊಲಕ್ಕಿಳಿದೆವು. ಕುಡಿ ಕೊಯ್ದು ಗುಡ್ಡೆ ಹಾಕಿದ ಮೇಲೆ ಕಟ್ಟು ಕಟ್ಟುವ ಪ್ರಶ್ನೆ ಬಂತು. ವಿಲ್ಮಾ ರಬ್ಬರ್ ಬ್ಯಾಂಡಿನ ಡಬ್ಬಿ ತಂದರು. ನಾನು ಅದನ್ನು ಗೌರವದಿಂದ ನಿರಾಕರಿಸಿದೆ. ನಮ್ಮ ಮನೆತನದಲ್ಲಿ ಸೊಪ್ಪಿಗೆ ರಬ್ಬರ್ ಹಾಕಿದವರಿಲ್ಲ. ಬಾಳೆನಾರು ಆ ದೇಶದಲ್ಲಿ ಎಲ್ಲಿಂದ ಬರಬೇಕು? ಕಾಲುವೆಯಲ್ಲಿ ಜೊಂಡು ಬೆಳೆದಿತ್ತು. ಅದನ್ನು ಸೀಳಿ, ನೀರಿನಲ್ಲಿ ನೆನೆಸಿ, ಎಡಗೈಯಲ್ಲಿ ಸೊಪ್ಪು ಹಿಡಿದು ಬಲಗೈಯಲ್ಲಿ ಸುತ್ತಿ, ಹೆಬ್ಬೆರಳಿನಿಂದ ತುದಿ ಒಳಗೆ ತುರುಕಿದರೆ ಗಂಟೇ ಬೇಡ. ವಿಲ್ಮಾ ಪ್ರಯತ್ನ ಮಾಡಿದರು. ಅವರ ಕಟ್ಟು ಎತ್ತಿದ ಕೂಡಲೇ ಬಿಚ್ಚಿ ಹರಡಿತು. ನಜೀರ್ ಭಾಯಿಯದೂ ಬಿಚ್ಚಿತು. ಇಪ್ಪತ್ತು ವರ್ಷ ನನ್ನ ಕಟ್ಟು ಸಣ್ಣದಾಯಿತು ಎಂದು ದೂರಿದ ಮನುಷ್ಯ ಅಂದು ಕಟ್ಟುವುದು ಎಷ್ಟು ಕಷ್ಟ ಎಂದು ಒಪ್ಪಿಕೊಂಡರು. ಈ ಒಂದು ಮಾತು ಕೇಳಲು ನಾನು ಹಾಲೆಂಡಿಗಿಂತ ದೂರ ಹೋಗಲೂ ಸಿದ್ಧನಿದ್ದೆ.

ಸಂತೆ ದೊಡ್ಡದು, ಗಲಾಟೆಯದು, ನಮ್ಮದೇ ಊರಿನ ವಾಸನೆ. ವಿಲ್ಮಾ ಅವರ ಮಳಿಗೆಯಲ್ಲಿ ಬೀಟ್‌ರೂಟು, ಆಲೂಗಡ್ಡೆ ಒಂದು ಕಡೆ, ಚಕ್ಕೋತ ಇನ್ನೊಂದು ಕಡೆ. ಮೊದಲ ಒಂದು ಗಂಟೆ ಯಾರೂ ಅದನ್ನು ಕಣ್ಣೆತ್ತಿ ನೋಡಲಿಲ್ಲ. ಒಬ್ಬರು ಬಿಳಿಯ ಮುದುಕರು ಬಂದು, ಇದು ಮೊಲಕ್ಕೋ ಎಂದು ಕೇಳಿದರು. ನನ್ನ ಹೆಮ್ಮೆ ಬಾಡತೊಡಗಿತ್ತು. ಸೊಪ್ಪಿಗೆ ನೀರು ಚಿಮುಕಿಸಿಕೊಂಡು ಕೂತೆ.

ನಜೀರ್ ಭಾಯಿ ಅಂಗಿಯ ತೋಳು ಮಡಿಸಿದರು. ಶಿವಾಜಿನಗರದ ಬಸ್ ಸ್ಟಾಂಡಿನವರೆಗೆ ಕೇಳುವ ಅದೇ ಗಂಟಲಲ್ಲಿ, ಮನೆಯಲ್ಲಿ ಆಡುವ ದಖನಿ ಉರ್ದುವಿನಲ್ಲಿ, ಸೊಪ್ಪು ತಾಜಾ ಎಂದು ಕೂಗಲು ಶುರು ಮಾಡಿದರು. ಸಂತೆಯಲ್ಲಿ ಹತ್ತಾರು ತಲೆ ಒಟ್ಟಿಗೆ ತಿರುಗಿದವು. ದುಪಟ್ಟಾ ಹೊದ್ದ ಒಬ್ಬ ಅಜ್ಜಿ, ಪಂಜಾಬಿನ ಕಡೆಯವರು, ಗಾಲಿಚೀಲ ಎಳೆದುಕೊಂಡು ಬಂದು ಒಂದು ಕಟ್ಟು ಎತ್ತಿ ಮೂಗಿಗೆ ಹಿಡಿದರು. "ಬಥುವಾ" ಎಂದರು. ಚಕ್ಕೋತಕ್ಕೆ ಅವರ ಕಡೆಯ ಹೆಸರು ಅದು.

ಆಮೇಲೆ ಕಟ್ಟು ಬಿಚ್ಚಿ ನೋಡಿ ಹೇಳಿದರು: ಸೊಪ್ಪು ಬಾಡಿದೆ, ಕಾಂಡ ಬಲಿತಿದೆ, ಕಟ್ಟು ಸಣ್ಣದು.

ನನ್ನ ಕಣ್ಣು ಒದ್ದೆಯಾಯಿತು. ಆ ದೇಶಕ್ಕೆ ಕಾಲಿಟ್ಟ ಮೇಲೆ ಮೊದಲ ಸಲ ಒಬ್ಬರು ನನ್ನ ಸೊಪ್ಪಿನ ಬಗ್ಗೆ ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳುತ್ತಿದ್ದರು. ನಜೀರ್ ಭಾಯಿ ಎದೆ ಮುಟ್ಟಿಕೊಂಡು, ಅಮ್ಮಾ, ನೀವು ಹೀಗಂದರೆ ಈ ರೈತ ಇಲ್ಲೇ ಪ್ರಾಣ ಬಿಡುತ್ತಾನೆ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಪ್ರಾಣ ಬಿಡುವ ಮುಖ ಮಾಡಿದೆ. ಅಜ್ಜಿ ನಾಲ್ಕು ಕಟ್ಟು ತೆಗೆದುಕೊಂಡು, ಐದನೆಯದನ್ನು ಕೊಸರು ಎಂದು ತಾವೇ ಎತ್ತಿ ಚೀಲಕ್ಕೆ ಹಾಕಿಕೊಂಡು, ಹೋಗಿ ನೆಂಟರನ್ನು ಕಳಿಸಿದರು. ಮಧ್ಯಾಹ್ನಕ್ಕೆ ಮುಂಚೆ ಚಕ್ಕೋತ ಖಾಲಿ. ಆಲೂಗಡ್ಡೆ ಇನ್ನೂ ಅರ್ಧ ಹಾಗೇ ಇತ್ತು.

ವಿಜಯಿಯಾದ ಸೇನಾಪತಿಯಂತೆ ನಾನು ವಿಲ್ಮಾ ಕಡೆ ತಿರುಗಿದೆ. "ಇನ್ನು ಸೋಮವಾರ ಸಹಿ ಹಾಕಬೇಡಿ."

ಅವರು ನಕ್ಕರು. ನಗುವಿನಲ್ಲಿ ಬೇಸರವಿರಲಿಲ್ಲ. ಖಾಲಿ ಕ್ರೇಟುಗಳನ್ನು ಒಂದರೊಳಗೊಂದು ಇಡುತ್ತಾ ಹೇಳಿದರು: "ವಾರಕ್ಕೆ ಒಂದು ಸಂತೆ. ಆ ಅಜ್ಜಿಯ ಮಗಳು ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಾಳೆ, ನಾನೂ ಹೋಗುತ್ತೇನೆ. ನಮ್ಮ ಅಮ್ಮ ಬೀದಿ ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಮಾರುತ್ತಿದ್ದಳು. ಪ್ರತಿ ಬಾಗಿಲಲ್ಲೂ ಒಬ್ಬೊಬ್ಬರು ನಿಂತು ಜಗಳವಾಡೋರು. ಮೊದಲು ಆ ಕೊಳ್ಳುವವರು ಹೋದರು. ಬೆಳೆಯುವ ನಾವು ಅವರ ಹಿಂದೆ ಒಬ್ಬೊಬ್ಬರಾಗಿ ಹೋಗುತ್ತಿದ್ದೇವೆ, ಅಷ್ಟೇ. ಈಗ ನನ್ನ ಗಿರಾಕಿ ಅಂದರೆ ರಸ್ತೆ ಬದಿಯ ಆ ಡಬ್ಬಿ. ಅದು ಪ್ರಾಮಾಣಿಕವಾಗಿದೆ. ಆದರೆ ಮಾತಾಡುವುದಿಲ್ಲ."

ನಾನು ಒಂದು ಖಾಲಿ ಕ್ರೇಟು ಎತ್ತಿ ಕೊಟ್ಟೆ. ಅವರು ಅದನ್ನು ಇಸಿದುಕೊಂಡು ಕೇಳಿದರು:

"ನಿಮ್ಮ ಹೊಲದಿಂದ ಮಾರ್ಕೆಟ್ಟು ಎಷ್ಟು ದೂರ?"

"ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ ಇಲ್ಲದಿದ್ದರೆ ಮುಕ್ಕಾಲು ಗಂಟೆ."

"ಜನ ದಿನಾ ಬರುತ್ತಾರಾ?"

"ದಿನಾ" ಎಂದರು ನಜೀರ್ ಭಾಯಿ. "ದಿನಾ ಇದೇ ಜಗಳ."

ವಿಲ್ಮಾ ನನ್ನನ್ನೇ ನೋಡಿದರು. "ಹಾಗಾದರೆ ನೀವು ಯಾಕೆ ಮಾರುತ್ತೀರಿ?"

ತಮ್ಮ ಕೇಳಿದ್ದಾನೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿಕೊಂಡರೆ ಅದು ಉತ್ತರದ ಹಾಗೆ ಕೇಳಿಸಲಿಲ್ಲ. ಅಷ್ಟರಲ್ಲಿ ಕಂಪನಿಯ ಬಸ್ಸು ಬಂತು. ವಿಲ್ಮಾ ಕೈ ಕುಲುಕಿದರು. ಮನೆ ಹಿಂದಿನ ತುಂಡು ಜಾಗ ಮಾರುತ್ತಿಲ್ಲ, ಅಲ್ಲಿ ಚಕ್ಕೋತವನ್ನು ಬೇಕೆಂದೇ ಬಿಡುತ್ತೇನೆ, ಊರಿನವರು ಏನಾದರೂ ಅಂದುಕೊಳ್ಳಲಿ ಎಂದರು.

ಮತ್ತೆ ಕೆ.ಆರ್. ಪುರ

ವಿಮಾನದಲ್ಲಿ ವಾಪಸ್ಸು ಬರುವಾಗ ನಜೀರ್ ಭಾಯಿ ನಿದ್ದೆ ಹೋದರು. ನಾನು ಮೊಕದ್ದಮೆಯ ತೀರ್ಪು ಬರೆಯುತ್ತಾ ಕೂತೆ. ಇಷ್ಟು ವರ್ಷ ನಮ್ಮ ಮೂವತ್ತು ಗುಂಟೆಯನ್ನು ಉಳಿಸಿಕೊಂಡು ಬಂದವನು ನಾನು ಎಂದುಕೊಂಡಿದ್ದೆ. ಉಳಿಸಿದ್ದು ನಾನಲ್ಲ. ಬೆಳಗಾದರೆ ಚೀಲ ಹಿಡಿದು ಬಂದು, ಕಟ್ಟು ಬಿಚ್ಚಿ ನೋಡಿ, ಕೊಸರಿಗೆ ಕೈ ಹಾಕುವ ಆ ಹೆಂಗಸರು. ಮುನಿರಾಜು ಹೇಳಿದ್ದೂ ಸುಳ್ಳಲ್ಲ. ಮೂವತ್ತು ಗುಂಟೆಗೆ ಬೇಕಾದಷ್ಟು ಆಳು ನಿಜವಾಗಿಯೂ ಸಿಗುತ್ತಿರಲಿಲ್ಲ. ನನ್ನ ಮೊಳಕಾಲೂ ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು.

ಮಾರನೆಯ ದಿನ ಅವನನ್ನು ತೋಟಕ್ಕೆ ಕರೆದೆ.

"ಏನಣ್ಣ, ಸಿಕ್ಕಿದ್ರಾ ಯಾರಾದ್ರೂ?"

"ಸಿಕ್ಕಿದ್ರು. ಮಾರ್ತಾ ಇದ್ದಾರೆ."

"ನೋಡಿದ್ಯಾ?" ಅವನ ಮುಖ ಅರಳಿತು.

"ನೋಡ್ದೆ. ರೋಡಿನ ಕಡೆ ಅರ್ಧ ನೀನು ತಗೋ. ಕಟ್ಟಿಸ್ತೀಯೋ, ಮಾರ್ತೀಯೋ, ನಿನ್ನಿಷ್ಟ. ಬಾವಿ ಇರೋ ಹಿಂದಿನ ಅರ್ಧ ನನಗಿರಲಿ."

ಮುನಿರಾಜು ನನ್ನನ್ನು, ರೋಡನ್ನು, ಬಾವಿಯನ್ನು ಒಂದೊಂದಾಗಿ ನೋಡಿದ. ವ್ಯವಹಾರದಲ್ಲಿ ಗಟ್ಟಿ, ಆದರೆ ಅನ್ಯಾಯದವನಲ್ಲ. "ಅಣ್ಣ, ಬೆಲೆ ಇರೋದೇ ರೋಡಿನ ಕಡೆಗೆ. ಗೊತ್ತು ತಾನೆ?"

"ಗೊತ್ತು."

"ಆಮೇಲೆ ಅತ್ತಿಗೆ ನನ್ನ ಬೈಬಾರದು."

"ಬೈಯೋದೆಲ್ಲ ರಾತ್ರಿನೇ ನನಗೆ ಬೈದಾಯ್ತು. ನಿನಗೆ ಏನೂ ಉಳಿಸಿಲ್ಲ."

ಅವನು ಬಿಲ್ಡರಿಗೆ ಮಾರಲಿಲ್ಲ, ತಾನೇ ಕಟ್ಟಿಸಿದ. ನಾಲ್ಕು ಮಹಡಿ, ತುಂಬ ಬಾಡಿಗೆಯವರು, ಬೆಳಿಗ್ಗೆ ಐಟಿ ಆಫೀಸಿನ ಬಸ್ಸು ಬಂದರೆ ಅರ್ಧ ಮನೆ ಖಾಲಿ. ನಾನು ಹಿಂದಿನ ಹದಿನೈದು ಗುಂಟೆಯಲ್ಲಿ ದಂಟು, ಪಾಲಾಕು, ಸಬ್ಬಸಿಗೆ, ಚಳಿಗಾಲಕ್ಕೆ ಚಕ್ಕೋತ ಬೆಳೆಯುತ್ತೇನೆ. ಮೇಲಿನ ಕಿಟಕಿಗಳಿಂದ ಹೆಂಗಸರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾರೆ. ಸೊಪ್ಪು ಹಾಕಿ ಕಳಿಸಿದರೆ ಮೂರನೆಯ ಮಹಡಿಯಿಂದಲೇ, ಅಂಕಲ್, ಕಟ್ಟು ಸಣ್ಣದಾಯ್ತು ಎಂದು ಕೂಗು ಬರುತ್ತದೆ. ಅಷ್ಟು ಎತ್ತರದಿಂದ ಅದು ಹೇಗೆ ಕಾಣುತ್ತದೋ.

ಒಂದು ತೊಂದರೆ ಆಯಿತು. ಮಧ್ಯಾಹ್ನ ತಿರುಗಿದ ಮೇಲೆ ಕಟ್ಟಡದ ನೆರಳು ನನ್ನ ಮೊದಲ ನಾಲ್ಕು ಮಡಿಗಳ ಮೇಲೆ ಬೀಳುತ್ತದೆ. ಅಲ್ಲಿ ಹಾಕಿದ್ದ ಕೊತ್ತಂಬರಿ ಬಿಸಿಲಿಗಾಗಿ ಕತ್ತು ಚಾಚಿ ಚಾಚಿ ಸೊರಗಿತು. ಮುನಿರಾಜು ಒಂದು ಸಂಜೆ ಬಂದು ಬದುವಿನ ಮೇಲೆ ನಿಂತ.

"ಅಣ್ಣ, ನೆರಳು ಇಷ್ಟು ಬೀಳುತ್ತೆ ಅಂತ ನಾನು ಅಂದ್ಕೊಂಡಿರ್ಲಿಲ್ಲ."

"ಬಿಡು. ಪುದೀನ ಹಾಕಿದ್ದೀನಿ. ಅದಕ್ಕೆ ನೆರಳೇ ಬೇಕು."

ಪುದೀನ ಹಿಡಿದದ್ದೇ ಹಿಡಿದದ್ದು. ಫ್ರೇಜರ್ ಟೌನಿನ ಮಸೀದಿ ರಸ್ತೆಯ ಬಿರಿಯಾನಿ ಹೋಟೆಲುಗಳಿಗೆ ಈಗ ನಜೀರ್ ಭಾಯಿ ಅದನ್ನೇ ಒಯ್ಯುತ್ತಾರೆ. ಮೊನ್ನೆ ಬಂದವರು ಬಾವಿಯ ಕಟ್ಟೆಯ ಮೇಲೆ ಕೂತು, ತಲೆಯೆತ್ತಿ ಆ ಕಟ್ಟಡವನ್ನು ಬುಡದಿಂದ ತುದಿಯವರೆಗೆ ನೋಡಿ, ಗಂಭೀರವಾಗಿ ಹೇಳಿದರು.

"ಯಜಮಾನ್ರೇ, ಪುದೀನ ಸಾಲ್ತಾ ಇಲ್ಲ. ತಮ್ಮನಿಗೆ ಹೇಳಿ ಇನ್ನೊಂದು ಮಹಡಿ ಎತ್ತಿಸಿ."